ಕೋಳಿಯ ಜುಟ್ಟೂ ಮೆದುಳೂ

ಯಲಹಂಕ, ಹೆಬ್ಬಾಳಗಳ ಕಡೆ ಮನೆಗೊಂದಿಷ್ಟು ಹಿತ್ತಲುಳ್ಳ ಗೃಹಸ್ಥರಿಗೆ ಕೋಳಿ ಸಾಕುವುದು ಹೊಸತಲ್ಲ. ಮೊಟ್ಟೆಗಾಗಿ ಸಾಕುವವರಂತೆಯೇ ಅಂದಕ್ಕಾಗಿ ಸಾಕುವವರೂ ಉಂಟು. ತಲೆಯ ಮೇಲೆ ಚೆಂಡಿನಂತಹ ಗರಿಯ ಜುಟ್ಟುಳ್ಳ ಪೋಲಿಷ್ ಕೋಳಿಯನ್ನೂ, ರೇಷ್ಮೆಯಂತೆ ಮೃದುವಾದ ಗರಿಗಳ ಸಿಲ್ಕಿ ಕೋಳಿಯನ್ನೂ ಕಂಡರೆ ಮಕ್ಕಳು ಅದೇ ಬೇಕೆಂದು ಹಟ ಹಿಡಿಯುವರು. ಅಂತಹ ಹಕ್ಕಿಯನ್ನು ಮನೆಗೆ ತರುವ ಮುನ್ನ ಆ ಜುಟ್ಟಿನ ಕೆಳಗೆ ಏನಿರುವುದೆಂಬುದನ್ನು ವಾಚಕರು ಅರಿತಿರುವುದು ಒಳಿತೆಂದು ನಾವು ಭಾವಿಸುತ್ತೇವೆ.

ಸಾಧಾರಣ ಕೋಳಿಯ ತಲೆಬುರುಡೆಯು ಮೆದುಳನ್ನು ಮೇಲಿನಿಂದ ಭದ್ರವಾಗಿ ಮುಚ್ಚಿಕೊಂಡಿರುವುದು. ಪೋಲಿಷ್ ಜಾತಿಯಲ್ಲಿಯಾದರೋ ಬುರುಡೆಯ ಮುಂಭಾಗವು ಗುಬುಟಿನಂತೆ ಮೇಲಕ್ಕೆ ಉಬ್ಬಿರುತ್ತದೆ. ಆ ಉಬ್ಬಿನ ಎಲುಬಿನಲ್ಲಿ ಅನೇಕ ವೇಳೆ ರಂಧ್ರಗಳಿದ್ದು, ಅಲ್ಲಿ ಮೆದುಳಿಗೆ ತೆಳುವಾದ ಪೊರೆಯೂ ಚರ್ಮವೂ ಮಾತ್ರವೇ ಮರೆ. ಮೆದುಳಿನ ಮುಂಭಾಗವು ಆ ಉಬ್ಬಿನೊಳಕ್ಕೆ ಏರಿ, ನಡುವೆ ಸಣ್ಣಗಾಗಿ, ಡಮರುಗದ ಆಕಾರವನ್ನು ತಾಳುವುದುಂಟು. ಜುಟ್ಟುಳ್ಳ ಸಿಲ್ಕಿಗಳಲ್ಲಿಯೂ ಕೆಲವಕ್ಕೆ ಇಂತಹ ಉಬ್ಬುಬುರುಡೆ ಇರುವುದು.

ಚಾರ್ಲ್ಸ್ ಡಾರ್ವಿನ್ ಮಹಾಶಯನು ಸಾಕುಪ್ರಾಣಿಗಳೂ ಸಾಗುವಳಿಯ ಸಸ್ಯಗಳೂ ಮಾರ್ಪಡುವ ಬಗೆಯನ್ನು ಕುರಿತು ೧೮೬೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರಿಸಿ, ತಾನು ಸಾಕಿದ್ದ ಒಂದು ಪೋಲಿಷ್ ಹೇಂಟೆಯ ಸಂಗತಿಯನ್ನೂ ಹೇಳಿರುವನು. ಅದು ಒಂಟಿಯಾಗಿರುತ್ತಿತ್ತು; ಕೈಯಿಂದ ಮುಟ್ಟಬಹುದಾದಷ್ಟು ಮೈಮರೆತು ನಿಂತಿರುತ್ತಿತ್ತು; ಮೇವಿನ ಸ್ಥಳದಿಂದ ೧೦೦ ಗಜ ಹೋದರೆ ದಾರಿ ತಪ್ಪಿ, ತಪ್ಪು ದಿಕ್ಕಿಗೇ ಹಟದಿಂದ ನಡೆಯುತ್ತಿತ್ತು. ಒಂದು ಹೇಂಟೆಯನ್ನು ಕಂಡು ಜಾತಿಯೆಲ್ಲವನ್ನೂ ಮಂದಮತಿಯೆನ್ನುವುದು ನ್ಯಾಯವಲ್ಲ. ಆದರೆ ಬುರುಡೆಯಲ್ಲಿ ರಂಧ್ರವಿರುವ ಹಕ್ಕಿಗೆ ನೆತ್ತಿಯ ಪೆಟ್ಟು ಅಪಾಯಕರವೆಂಬುದು ನಿರ್ವಿವಾದ.

ಇದಕ್ಕೆ ಕಾರಣವೇನು? ೨೦೧೨ರಲ್ಲಿ ಪ್ರಕಟವಾದ ಒಂದು ಸಂಶೋಧನೆಯ ಪ್ರಕಾರ, ಸಾಮಾನ್ಯವಾಗಿ ಮುಂಡದ ಬೆಳವಣಿಗೆಗೆ ಸಂಬಂಧಪಟ್ಟ ಒಂದು ಜೀನು ಜುಟ್ಟಿನ ಕೋಳಿಗಳಲ್ಲಿ ನೆತ್ತಿಯ ಚರ್ಮದಲ್ಲಿಯೂ ಕೆಲಸಮಾಡುವುದು. ಸಣ್ಣ ಗರಿಯ ಸ್ಥಳದಲ್ಲಿ ಉದ್ದನೆಯ ಗರಿ ಬೆಳೆಯುವುದು ಇದರೊಡನೆ ಸಂಬಂಧವುಳ್ಳದ್ದು. ತಲೆತಲಾಂತರದಿಂದ ದೊಡ್ಡ ಜುಟ್ಟನ್ನೇ ಆರಿಸಿದವರು, ತಿಳಿಯದೆಯೇ, ಅದರ ಕೆಳಗಿನ ಉಬ್ಬನ್ನೂ ಆರಿಸಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಯಲ್ಲಿ ಶೋಕಿಯ ಬೆಲೆಯನ್ನು ಶೋಕಿ ಮಾಡಿದವನೇ ತೆರುವನು. ಇಲ್ಲಿ ಶೋಕಿ ನಮ್ಮದು, ಬೆಲೆ ತೆರುವುದು ಹಕ್ಕಿ.

ಮನುಷ್ಯನ ಆಯ್ಕೆಯು ಯಾವಾಗಲೂ ಹೀಗೆಯೇ ಎಂದಲ್ಲ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ೧೯೮೯ರಲ್ಲಿ ಸಿದ್ಧವಾದ ಗಿರಿರಾಜ ಕೋಳಿಯನ್ನು ನೋಡಿರಿ. ಅಲ್ಲಿಯೂ ತಜ್ಞರು ಆರಿಸಿಯೇ ತಳಿಯನ್ನು ಕಟ್ಟಿದರು. ಆದರೆ ಅವರು ಅರಸಿದುದು ಒಳ್ಳೆಯ ತೂಕ, ಹೆಚ್ಚು ಮೊಟ್ಟೆ, ಹಿತ್ತಲಿನಲ್ಲಿ ಮೇದು ಬದುಕುವ ಗಟ್ಟಿತನ.

ಜುಟ್ಟಿನ ಕೋಳಿಯನ್ನು ಈಗಾಗಲೇ ಸಾಕಿರುವವರು ಅದನ್ನು ಕುಕ್ಕುವ ಕೋಳಿಗಳಿಂದ ಬೇರೆ ಇಡಬೇಕು. ಮಕ್ಕಳು ಅದರ ನೆತ್ತಿಯನ್ನು ತಟ್ಟದಂತೆ ನೋಡಿಕೊಳ್ಳಬೇಕು. ಕಣ್ಣಿಗೆ ಬೀಳುವ ಗರಿಯನ್ನು ಕತ್ತರಿಸಿ, ಜುಟ್ಟು ನೆನೆಯದಂತೆ ಕಿರಿದಾದ ಬಾಯಿಯ ಪಾತ್ರೆಯಲ್ಲಿ ನೀರಿಡಬೇಕು. ಮರಿ ಮಾಡಿಸುವುದಾದರೆ ಎಲ್ಲಕ್ಕಿಂತ ದೊಡ್ಡ ಜುಟ್ಟಿನ ಹಕ್ಕಿಯನ್ನು ಆರಿಸದೆ, ಗಟ್ಟಿ ನೆತ್ತಿಯೂ ಚುರುಕು ನಡೆಯೂ ಉಳ್ಳುದನ್ನು ಆರಿಸಬೇಕೆಂಬುದು ನಮ್ಮ ಬಿನ್ನಹ.