ಸೇತುವೆ ಬಂತು ಸರಿ, ಹೊಳೆಬಾಗಿಲ ಲಾಂಚ್ ದಡದ ಕತೆ ಏನು?

ಸಾಗರ: ಸಿಗಂದೂರಿಗೆ ಹೋಗೋ ಕಾರುಗಳು ಈಗ ಹೊಳೆಬಾಗಿಲಲ್ಲಿ ನಿಲ್ಲೋದಿಲ್ಲ. ಅಂಬಾರಗೋಡ್ಲು ಕಡೆಯಿಂದ ಸೇತುವೆ ಹತ್ತಿದರೆ ನಾಲ್ಕೈದು ನಿಮಿಷದಲ್ಲಿ ಕಳಸವಳ್ಳಿ ದಡ. ಹಿಂದೆ ರಜಾ ದಿನ ಬಂತು ಅಂದ್ರೆ ಇದೇ ಜಾಗದಲ್ಲಿ ವಾಹನಗಳ ಉದ್ದ ಸಾಲು. ಕಾರಿಂದ ಇಳಿದವರಿಗೆ ಟೀ, ಮಂಡಕ್ಕಿ, ಮಕ್ಕಳಿಗೆ ಚಿಪ್ಸು. ಒಂದು ಲಾಂಚ್ ತಪ್ಪಿತು ಅಂದ್ರೆ ಇನ್ನೊಂದು ಟೀ. ಅಲ್ಲಿನ ವ್ಯಾಪಾರ ನಿಂತಿದ್ದೇ ಆ ಕಾಯುವಿಕೆ ಮೇಲೆ.

ಸೇತುವೆ ಬೇಡವಾಗಿತ್ತು ಅಂತ ಯಾರೂ ಹೇಳಲ್ಲ, ನಾನೂ ಹೇಳಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ನೀರು ಏರಿದ ಮೇಲೆ ಕರೂರು, ಬಾರಂಗಿ ಹೋಬಳಿಯ ಜನರಿಗೆ ಅವರದ್ದೇ ತಾಲ್ಲೂಕು ಕೇಂದ್ರ ಆಚೆ ದಡ ಆಯ್ತು. ರಸ್ತೆ ಇರಲೇ ಇಲ್ಲ ಅಂತಲ್ಲ, ಕಾಡು ಸುತ್ತಿಕೊಂಡು ಹೋಗಬೇಕಿತ್ತು. 60ರ ದಶಕದ ಕೊನೆಗೆ ಲಾಂಚ್ ಬಂತು. ರಾಜ್ಯಕ್ಕೆ ಕರೆಂಟ್ ಕೊಟ್ಟು ಹೊಲ, ಮನೆ ಮುಳುಗಿಸಿಕೊಂಡವರಿಗೆ ಸಿಕ್ಕಿದ್ದು ಒಂದು ದೋಣಿ ಸರ್ವಿಸ್, ಅಷ್ಟೇ.

ಆ ಲಾಂಚಲ್ಲೇ ಎಲ್ಲಾ ಹೋಗ್ತಿತ್ತು. ಬಸ್ಸು, ಜೀಪು, ಅಡಿಕೆ ಮೂಟೆ, ಕಾಲೇಜು ಹುಡುಗರು, ಮದುವೆ ದಿಬ್ಬಣ, ತುಮರಿ ಅಂಗಡಿಗಳ ದಿನಸಿ. ಅಂಗಡಿಯವರಿಗೆ ಗೊತ್ತಿರುತ್ತೆ, ಸಾಗರದ ರೇಟಿಗೆ ಲಾಂಚ್ ದಾಟಿಸಿದ ಖರ್ಚೂ ಸೇರಿಸಿಕೊಂಡೇ ಅಲ್ಲಿ ಮಾರಬೇಕಿತ್ತು. ಸಂಜೆ ಕೊನೇ ಲಾಂಚ್ ಹೋಯ್ತು ಅಂದ್ರೆ ಬೆಳಗಿನವರೆಗೆ ಬಾಗಿಲು ಹಾಕಿದ ಹಾಗೆ. ರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಡಿದರೆ ಮನೆಯವರ ಗತಿ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಇನ್ನೊಂದು ಕಷ್ಟ. ಡ್ಯಾಮಿನ ಪೂರ್ಣ ಮಟ್ಟ 1819 ಅಡಿ. ಮಳೆ ಕೈಕೊಟ್ಟ ವರ್ಷ ನೀರು ಇಳಿದು ಲಾಂಚ್ ದಡಕ್ಕೇ ಹತ್ತಿರ ಬರ್ತಿರಲಿಲ್ಲ. 2023ರ ಜೂನಲ್ಲಿ ವಾಹನ ಹತ್ತಿಸೋದನ್ನೇ ನಿಲ್ಲಿಸಿದ್ರು, ಜನ ಮಾತ್ರ ದಾಟಿದ್ರು.

ಸಿಗಂದೂರಿಗೆ ಭಕ್ತರು ಜಾಸ್ತಿ ಆದ ಮೇಲೆ ಊರಿನವರೇ ಕ್ಯೂನಲ್ಲಿ ಹಿಂದೆ ಬಿದ್ದರು. ಆಸ್ಪತ್ರೆಗೆ ಹೊರಟವನು, ಬೆಂಗಳೂರಿನ ಟೂರಿಸ್ಟ್ ಕಾರು, ಇಬ್ಬರೂ ಒಂದೇ ಸಾಲಲ್ಲಿ. ಸ್ಥಳೀಯರಿಗೆ ಮೊದಲ ಅವಕಾಶ ಕೊಡಿ ಅಂತ ಜಗಳ ಆಗ್ತಾನೇ ಇತ್ತು. ಪಾದಯಾತ್ರೆ, ಧರಣಿ ಎಲ್ಲಾ ಆಗಿ 2018ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆ ಆಯ್ತು. 2025ರ ಜುಲೈ 14ಕ್ಕೆ ನಿತಿನ್ ಗಡ್ಕರಿ ಬಂದು ಉದ್ಘಾಟನೆ ಮಾಡಿದ್ರು. ಉದ್ದ 2.44 ಕಿ.ಮೀ., ಖರ್ಚು 470 ಕೋಟಿ ರೂ. ದಾಟಿದೆ. ಕರೆದಿಲ್ಲ ಅಂತ ಮುಖ್ಯಮಂತ್ರಿ ಸಿಟ್ಟಾಗಿದ್ದೇ ಆವತ್ತು ದೊಡ್ಡ ಸುದ್ದಿ. ದಡದ ಅಂಗಡಿಗಳ ಬಗ್ಗೆ ವೇದಿಕೆ ಮೇಲೆ ಯಾಕೆ ಮಾತು ಬರುತ್ತೆ ಬಿಡಿ.

ಆದರೆ ಕೇಳಬೇಕಾದ್ದು ಅದನ್ನೇ. ಸೇತುವೆ ಕೆಲಸ ಏಳು ವರ್ಷ ಹಿಡೀತು. ಒಂದು ದಿನ ಲಾಂಚ್ ನಿಲ್ಲುತ್ತೆ ಅಂತ ಇಲಾಖೆಗೂ ಗೊತ್ತಿತ್ತು, ಪಂಚಾಯಿತಿಗೂ ಗೊತ್ತಿತ್ತು. ಅಷ್ಟರಲ್ಲಿ ಸೇತುವೆಯ ಎರಡೂ ತುದಿಯಲ್ಲಿ ಪಾರ್ಕಿಂಗ್, ಶೌಚಾಲಯ, ಹತ್ತಿಪ್ಪತ್ತು ಮಳಿಗೆ ಮಾಡಿ, ಹಳೇ ಅಂಗಡಿಯವರಿಗೆ ಮೊದಲು ಕೊಡ್ತೀವಿ ಅಂತ ತೀರ್ಮಾನಿಸೋದು ಕಷ್ಟದ ಕೆಲಸ ಆಗಿರಲಿಲ್ಲ. ಜನ ಸೇತುವೆ ಮೇಲೆ ಫೋಟೋ ತೆಗೆಯೋಕೆ ಗಾಡಿ ನಿಲ್ಲಿಸ್ತಾರೆ, ಅದು ಅಪಾಯ. ದಡದಲ್ಲಿ ನಿಲ್ಲೋಕೆ ಒಳ್ಳೇ ಜಾಗ ಇದ್ದರೆ ಅಲ್ಲೇ ನಿಲ್ತಾರೆ, ಟೀ ಕುಡೀತಾರೆ, ನೀರು ನೋಡ್ತಾರೆ. ಸಂಕ್ರಾಂತಿ ಜಾತ್ರೆಗೆ ಬರೋ ಜನ ಒಂದೇ ಸಾಕು, ಆ ಮಳಿಗೆಗಳಿಗೆ.

ಇನ್ನು ಲಾಂಚ್. ಸೇತುವೆ ಆಯ್ತಲ್ಲ, ಇನ್ನು ಲಾಂಚ್ ಯಾಕೆ ಅಂತ ಸಾಗರದಲ್ಲಿ ಕೂತು ಹೇಳೋದು ಸುಲಭ. ಶರಾವತಿ ಹಿನ್ನೀರಿನಲ್ಲಿ ಲಾಂಚ್ ನಂಬಿಕೊಂಡಿದ್ದು ಹೊಳೆಬಾಗಿಲು ಒಂದೇ ಅಲ್ಲ, ಹಸಿರುಮಕ್ಕಿ ಇದೆ, ಮುಪ್ಪಾನೆ ಇದೆ. ಅಲ್ಲಿ ಒಂದು ಲಾಂಚ್ ಕೆಟ್ಟರೆ ಬದಲಿಗೆ ಕಳಿಸೋಕೆ ಇನ್ನೊಂದು ಬೇಕು. ಹೊಳೆಬಾಗಿಲ ಲಾಂಚುಗಳಲ್ಲಿ ಗಟ್ಟಿ ಇರೋದನ್ನು ರಿಪೇರಿ ಮಾಡಿ ಅಂಥ ಕಡೆ ತಯಾರಿಡಬೇಕು. ಒಂದನ್ನು ಬೇಕಾದರೆ ಪ್ರವಾಸಿಗರನ್ನು ಕೂರಿಸಿ ಹಿನ್ನೀರು ಸುತ್ತಿಸೋಕೆ ಇಡಿ. ಆದರೆ ಅದರ ಟೆಂಡರ್ ಹೊರಗಿನ ಕಂಪನಿಗೆ ಹೋಗಬಾರದು. ವರ್ಷಗಟ್ಟಲೆ ಆ ನೀರಲ್ಲಿ ಲಾಂಚ್ ನಡೆಸಿದ ಹುಡುಗರಿಗೇ ಹೋಗಬೇಕು. ನೀರು ಎಲ್ಲಿ ಆಳ, ಮುಳುಗಿದ ಮರದ ಬೊಡ್ಡೆ ಎಲ್ಲಿದೆ ಅಂತ ಅವರಿಗೆ ಗೊತ್ತು.

ಚಿಕ್ಕವನಿದ್ದಾಗ ನಮಗೆ ಸಿಗಂದೂರು ಅಂದ್ರೆ ದೇವಸ್ಥಾನಕ್ಕಿಂತ ಮೊದಲು ಲಾಂಚೇ ನೆನಪಾಗ್ತಿತ್ತು, ಸುಳ್ಳು ಯಾಕೆ ಹೇಳಲಿ. ಅದಕ್ಕೇ ಲಾಂಚ್ ಉಳಿಸಿ ಅಂತಿದ್ದಾನೆ ಅಂದ್ಕೋಬೇಡಿ. ನೆನಪಿಗೆ ಒಂದು ಫೋಟೋ ಸಾಕು. ಅಂಗಡಿ ಕಟ್ಟೋಕೆ ಸಂಘದಲ್ಲಿ ಸಾಲ ತೆಗೆದವನಿಗೆ ಫೋಟೋದಿಂದ ಕಂತು ಕಟ್ಟೋಕೆ ಆಗಲ್ಲ. ಮಳಿಗೆ ವಿಚಾರ ಗ್ರಾಮಸಭೆಯಲ್ಲಿ ಬರೆಸಿ, ಠರಾವು ಮಾಡಿಸಿ ತಾಲ್ಲೂಕು ಪಂಚಾಯಿತಿಗೆ ಕಳಿಸೋದು ಮೊದಲ ಕೆಲಸ. ಎರಡೂ ದಡದವರು ಒಟ್ಟಿಗೆ ಹೋಗಿ ಕೇಳಿದರೆ ಇನ್ನೂ ಒಳ್ಳೇದು.