ನನ್ನ ಕ್ಯಾಲ್ಕುಲೇಟರಿನಲ್ಲಿ '=' ಇಲ್ಲ, ಬೇಕಾಗಿಯೂ ಇಲ್ಲ

ಮುಂಬಯಿಯಲ್ಲಿ ಯಾವ ಗಲ್ಲಾದ ಪಕ್ಕ ಇಣುಕಿದರೂ ಒಂದು ಸಿಟಿಜನ್ನೋ ಕ್ಯಾಸಿಯೋನೋ ಕಾಣುತ್ತದೆ. ನಮ್ಮವರ ಉಡುಪಿ ಹೊಟೇಲಿರಲಿ, ಗುಜರಾತಿಯ ಕಿರಾಣಿ ಅಂಗಡಿಯಿರಲಿ, ಗುಂಡಿಗಳ ಮೇಲಿನ ಅಕ್ಷರ ಸವೆದುಹೋದ ಕ್ಯಾಲ್ಕುಲೇಟರ್ ಇದ್ದೇ ಇರುತ್ತದೆ. ಎಲ್ಲದರಲ್ಲೂ '=' ಎಂಬ ಗುಂಡಿ ಇದೆ. ನನ್ನದರಲ್ಲಿ ಮಾತ್ರ ಇಲ್ಲ. ಅದರ ಬದಲು ಎರಡು ಗುಂಡಿಯಷ್ಟು ಎತ್ತರದ 'ಎಂಟರ್' ಇದೆ. ಆಫೀಸಿನಲ್ಲಿ ಇದನ್ನು ಎರವಲು ಕೇಳಿದವರೆಲ್ಲ ಎರಡು ನಿಮಿಷದಲ್ಲಿ "ಬಿಗಡ್ ಗಯಾ ಹೈ" ಎಂದು ವಾಪಸು ತಂದುಕೊಟ್ಟಿದ್ದಾರೆ. ಅದಕ್ಕೇ ಇರಬೇಕು, ಇಷ್ಟು ವರ್ಷವಾದರೂ ಯಾರೂ ಕದ್ದಿಲ್ಲ!

ಇದು ಎಚ್‌ಪಿ-12ಸಿ. 1981ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ, ಇವತ್ತಿಗೂ ಹೆಚ್ಚುಕಡಿಮೆ ಅದೇ ಮುಖ ಹೊತ್ತು ಮಾರಾಟವಾಗುತ್ತಿದೆ. ಅಮೆರಿಕದ ಸಿಎಫ್‌ಎ ಪರೀಕ್ಷೆಗೆ ಒಯ್ಯಲು ಬಿಡುವ ಎರಡೇ ಎರಡು ಕ್ಯಾಲ್ಕುಲೇಟರುಗಳಲ್ಲಿ ಇದೂ ಒಂದು, ಹಾಗಾಗಿ ನರಿಮನ್ ಪಾಯಿಂಟ್ ಮತ್ತು ಬಾಂದ್ರಾ-ಕುರ್ಲಾ ಕಡೆಯ ಕೆಲವು ಹುಡುಗರಿಗೆ ಪರಿಚಯವಿದೆ. ಉಳಿದವರಿಗೆ ಇದೊಂದು ವಿಚಿತ್ರ ವಸ್ತು. ಆದರೆ ನನ್ನ ವಾದವೇ ಬೇರೆ. ಕನ್ನಡ ಬಲ್ಲವನಿಗೆ ಇದು ವಿಚಿತ್ರ ಅನ್ನಿಸಲೇಬಾರದು.

ಯಾಕೆ ಅಂತ ಹೇಳುತ್ತೇನೆ. ಇದರಲ್ಲಿ ಎರಡಕ್ಕೆ ಮೂರು ಸೇರಿಸಬೇಕಾದರೆ 2, ಎಂಟರ್, 3, + ಒತ್ತಬೇಕು. ಅಂಕೆಗಳು ಮೊದಲು, ಏನು ಮಾಡಬೇಕು ಎನ್ನುವುದು ಆಮೇಲೆ. ಇದಕ್ಕೆ ರಿವರ್ಸ್ ಪೋಲಿಷ್ ನೊಟೇಶನ್ ಎಂದು ಹೆಸರು. ಯಾನ್ ಲುಕಾಸಿಯೇವಿಚ್ (1878-1956) ಎಂಬ ಪೋಲಿಷ್ ತರ್ಕಶಾಸ್ತ್ರಜ್ಞ ಕಂಸಗಳ ಕಾಟ ತಪ್ಪಿಸಲು 1920ರ ದಶಕದಲ್ಲಿ ಕ್ರಿಯಾಚಿಹ್ನೆಯನ್ನು ಮುಂದೆ ಹಾಕಿ ಬರೆಯುವ ಪದ್ಧತಿ ತಂದ. ಅಂದರೆ '+ 2 3'. ಇಂಗ್ಲಿಷಿನವರು 'ಆ್ಯಡ್ ಟೂ ಆ್ಯಂಡ್ ತ್ರೀ' ಅನ್ನುತ್ತಾರಲ್ಲ, ಹಾಗೆ. ಅದನ್ನು ತಿರುಗಿಸಿ ಚಿಹ್ನೆಯನ್ನು ಕೊನೆಗೆ ಹಾಕಿದರೆ? 'ಎರಡು ಮೂರು ಕೂಡಿಸು'. ಅಷ್ಟೇ ಮಾರಾಯ್ರೆ, ಶುದ್ಧ ಕನ್ನಡ!

ನಮ್ಮ ವಾಕ್ಯದಲ್ಲಿ ಕ್ರಿಯಾಪದ ಯಾವಾಗಲೂ ಕೊನೆಗೆ. ಮೂರಕ್ಕೆ ನಾಲ್ಕು ಕೂಡಿಸು, ಐದಕ್ಕೆ ಆರು ಕೂಡಿಸು, ಎರಡನ್ನೂ ಗುಣಿಸು. ಇದನ್ನು ಹಾಗೆಯೇ ಗುಂಡಿಗಿಳಿಸಿ: 3 ಎಂಟರ್ 4 +, 5 ಎಂಟರ್ 6 +, ×. ಉತ್ತರ 77. ಕಂಸ ಇಲ್ಲ, '=' ಇಲ್ಲ, ನಡುವೆ ಕಾಗದದ ಮೇಲೆ ಗೀಚಿಕೊಳ್ಳುವುದೂ ಇಲ್ಲ. ಶಾಲೆಯಲ್ಲಿ ಕಿರುಚಿ ಕಲಿತ ಮಗ್ಗಿಯನ್ನು ನೆನಪಿಸಿಕೊಳ್ಳಿ, ಎರಡೆರಡ್ಲಿ ನಾಲ್ಕು, ಎರಡ್‌ಮೂರ್ಲಿ ಆರು. ಅದರಲ್ಲೂ ಅಂಕೆಗಳೆರಡೂ ಬಂದ ಮೇಲೆಯೇ 'ಲಿ'. ಮರಾಠಿ, ಹಿಂದಿಯೂ ಹೀಗೆಯೇ, ಹಾಗಾಗಿ ಇದು ಕನ್ನಡದ ಸ್ವಂತ ಸೊತ್ತು ಎಂದು ಬೋರ್ಡು ಹಾಕಲು ಹೊರಟಿಲ್ಲ. ಈ ನೆಲದಲ್ಲಿ ಹಳೆಯ ಅಭ್ಯಾಸ ಎಂದಂತೂ ಹೇಳಬಹುದು. 1881ರಲ್ಲಿ ಪೇಶಾವರದ ಬಳಿ ಸಿಕ್ಕಿ ಈಗ ಆಕ್ಸ್‌ಫರ್ಡಿನಲ್ಲಿರುವ ಬಕ್ಷಾಲಿ ಹಸ್ತಪ್ರತಿಯಲ್ಲಿ ಕೂಡುವುದಕ್ಕೆ 'ಯುತ' ಪದದ 'ಯು' ಅಕ್ಷರವನ್ನು ಸಾಮಾನ್ಯವಾಗಿ ಸಂಖ್ಯೆಯ ನಂತರವೇ ಬರೆದಿದ್ದಾರೆ. '2 + 3 =' ಎಂದು ನಡುವೆ ತುರುಕುವುದೇ ನಾವು ಆಮೇಲೆ ಕಲಿತದ್ದು.

ಯಂತ್ರದ ಒಳಗೆ ನಡೆಯುವುದು ಇಷ್ಟು. ಹೊಟೇಲಿನಲ್ಲಿ ತೊಳೆದ ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಿಡುತ್ತಾರೆ, ಕೊನೆಗೆ ಇಟ್ಟದ್ದು ಮೊದಲು ಕೈಗೆ ಬರುತ್ತದೆ. ಅಂಕೆಗಳೂ ಹಾಗೆ ಪೇರಿಕೊಳ್ಳುತ್ತವೆ, + ಒತ್ತಿದಾಗ ಕೊನೆಯ ಎರಡು ಸೇರಿ ಒಂದಾಗುತ್ತವೆ. ನನ್ನ ಯಂತ್ರದಲ್ಲಿ ನಾಲ್ಕು ಜಾಗ ಇವೆ, ಎಕ್ಸ್, ವೈ, ಜಡ್, ಟಿ. ಗಿರಣಗಾಂವ್ ಕಡೆಯ ಹಳೆಯ ಚಾಳಿನ ಹಾಗೆ: ಹೊಸಬ ತಳಕ್ಕೆ ಬಂದರೆ ಉಳಿದವರು ಒಂದೊಂದು ಮಾಳಿಗೆ ಮೇಲೆ ಹತ್ತಬೇಕು, ಐದನೆಯವನು ಬಂದರೆ ತುದಿಯವನಿಗೆ ಮನೆ ಇಲ್ಲ. ಅವನು ಹೋದ ಎಂದು ಯಂತ್ರ ತಿಳಿಸುವುದೂ ಇಲ್ಲ. ಇದು ಇದರ ದೊಡ್ಡ ದೋಷ, ಮುಚ್ಚಿಡುವುದಿಲ್ಲ. ಆದರೆ ಲೆಕ್ಕವನ್ನು ಒಳಗಿನಿಂದ ಹೊರಗೆ ಮಾಡುತ್ತ ಬಂದರೆ ನಾಲ್ಕು ಜಾಗ ತುಂಬುವುದೇ ಅಪರೂಪ.

ಜೇಬಿಗೆ ಈ ಪದ್ಧತಿ ಬಂದದ್ದು 1972ರಲ್ಲಿ, ಎಚ್‌ಪಿ-35 ಎಂಬ ಯಂತ್ರದಿಂದ. 35 ಗುಂಡಿ, ಅದಕ್ಕೇ ಆ ಹೆಸರು. ಬೆಲೆ 395 ಡಾಲರ್. ಎಂಜಿನಿಯರುಗಳ ಕೈಯಿಂದ ಸ್ಲೈಡ್‌ರೂಲನ್ನು ಕಿತ್ತುಕೊಂಡದ್ದು ಅದೇ. ನಮ್ಮಲ್ಲಿ ಆಗ ಅಂಥದ್ದು ಕಾಣಬೇಕಾದರೆ ಟ್ರಾಂಬೆಯಲ್ಲೋ ಪೊವಾಯಿಯಲ್ಲೋ ಯಾರಾದರೂ ವಿದೇಶದಿಂದ ಬಂದವರಿರಬೇಕು. ಸಾಮಾನ್ಯ ಆಫೀಸುಗಳಲ್ಲಿ ಹಿಡಿ ತಿರುಗಿಸುವ ಫ್ಯಾಸಿಟ್ ಮೆಷಿನ್ನು. ಅಂದ ಹಾಗೆ ಅದರಲ್ಲೂ ಸಂಖ್ಯೆ ಮೊದಲು, ತಿರುಗಿಸುವುದು ಆಮೇಲೆ! ನನ್ನ 12ಸಿ ಬಂದದ್ದು ಸಹೋದ್ಯೋಗಿಯೊಬ್ಬರ ಭಾವ 1989ರಲ್ಲಿ ಬಹರೈನಿನಿಂದ ಬರುವಾಗ. ಹೀರಾ ಪನ್ನಾದಲ್ಲಿ ಕೇಳಿದ್ದೆ, ಅಂಗಡಿಯವನು ಕ್ಯಾಸಿಯೋ ತೋರಿಸಿ "ಇದರಲ್ಲಿ ಗಡಿಯಾರ, ಸಂಗೀತ ಎಲ್ಲ ಉಂಟು" ಎಂದಿದ್ದ.

ಈಗ ವಿಷಯಕ್ಕೆ ಬರುತ್ತೇನೆ. ಬರೀ ವ್ಯಾಮೋಹವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ.

ನಮ್ಮೂರ ಕಡೆಯ, ಕುಂದಾಪುರದ ಹುಡುಗನೊಬ್ಬ ಹೊಟೇಲಿನಲ್ಲಿ ಕೆಲಸಕ್ಕಿದ್ದವ, ಭಾಂಡುಪಿನಲ್ಲಿ ಸ್ವಂತ ದೋಸೆ ಗಾಡಿ ಇಡಬೇಕೆಂದು ಹೊರಟ. ಒಂದು ಲಕ್ಷ ಸಾಲ ಬೇಕಿತ್ತು. ಒಂದು ಫೈನಾನ್ಸಿನವರು "ಬರೀ ಹತ್ತು ಪರ್ಸೆಂಟ್, ಫ್ಲ್ಯಾಟ್, ಮೂರು ವರ್ಷ" ಎಂದಿದ್ದರು. ಒಂದು ಸಹಕಾರಿ ಬ್ಯಾಂಕಿನಲ್ಲಿ ಹದಿಮೂರು, ರೆಡ್ಯೂಸಿಂಗ್ ಅಂತೆ. "ಅಣ್ಣ, ಹತ್ತೇ ಒಳ್ಳೇದಲ್ದಾ? ಮತ್ತೆ ಎಂತ ಕೇಳೂದು?" ಎಂದ. "ಕೂತ್ಕೊ ಮಾರಾಯ, ಒಂದು ನಿಮಿಷ" ಎಂದು 12ಸಿ ತೆಗೆದೆ.

ಗುಂಡಿ ಒತ್ತುತ್ತ ಬಾಯಲ್ಲೂ ಹೇಳಿದೆ. ಒಂದು ಲಕ್ಷ ಇಡು: 100000 ಎಂಟರ್. ಅದರ ಶೇಕಡಾ ಹತ್ತು: 10 %. ಹತ್ತು ಸಾವಿರ ಬಂತು; ಲಕ್ಷ ಎಲ್ಲಿಗೂ ಹೋಗಿಲ್ಲ, ಮೇಲಿನ ಮಾಳಿಗೆಯಲ್ಲಿ ಕೂತಿದೆ. ಮೂರು ವರ್ಷಕ್ಕೆ: 3 ×. ಮೂವತ್ತು ಸಾವಿರ. ಅಸಲಿಗೆ ಕೂಡಿಸು: +. ಒಂದು ಲಕ್ಷ ಮೂವತ್ತು ಸಾವಿರ. ಮೂವತ್ತಾರು ಕಂತಿಗೆ ಹಂಚು: 36 ÷. ತಿಂಗಳಿಗೆ 3,611 ರೂಪಾಯಿ 11 ಪೈಸೆ. ಪ್ರತಿ ಹೆಜ್ಜೆಗೂ ಪರದೆಯ ಮೇಲೆ ಒಂದು ಅರ್ಥವಿರುವ ಸಂಖ್ಯೆ ಬರುತ್ತದೆ, ಹುಡುಗ ಪ್ರತಿಯೊಂದಕ್ಕೂ ತಲೆಯಾಡಿಸುತ್ತಿದ್ದ. ನಾನು ಈ ಪದ್ಧತಿಯನ್ನು ಹೊಗಳುವುದು ಇದಕ್ಕೇ. ಲೆಕ್ಕ ನೋಡುತ್ತಿರುವವನಿಗೂ ಲೆಕ್ಕ ತಿಳಿಯುತ್ತದೆ.

ಆಮೇಲೆ ಆ ಕಂತನ್ನೇ ಋಣ ಚಿಹ್ನೆ ಹಾಕಿ ಪಿಎಂಟಿ ಗುಂಡಿಗೆ, 36 ಅನ್ನು ಎನ್‌ಗೆ, ಲಕ್ಷವನ್ನು ಪಿವಿಗೆ ಕೊಟ್ಟು ಬಡ್ಡಿಯ 'ಐ' ಒತ್ತಿದೆ. ಹಳೆಯ ಯಂತ್ರ, ಕೆಲವು ಸೆಕೆಂಡು 'ರನ್ನಿಂಗ್' ಎಂದು ಮಿನುಗಿತು, 1.49 ಬಂತು. 12 ×. ವರ್ಷಕ್ಕೆ 17.92! ಹತ್ತು ಎಂದು ಹೇಳಿದ್ದು ನಿಜದಲ್ಲಿ ಹದಿನೆಂಟು. ಯಾಕೆಂದರೆ ಪ್ರತಿ ತಿಂಗಳು ಅಸಲಿನ ಒಂದು ಪಾಲು ತೀರಿಸುತ್ತಿದ್ದರೂ ಮೂರನೆಯ ವರ್ಷದಲ್ಲೂ ಪೂರ್ತಿ ಲಕ್ಷಕ್ಕೇ ಬಡ್ಡಿ ಕಟ್ಟುತ್ತಿರುತ್ತಾನೆ. ಬ್ಯಾಂಕಿನ ಹದಿಮೂರಕ್ಕೆ ಕಂತು ತೆಗೆದರೆ 3,369 ರೂಪಾಯಿ. ಮೂರು ವರ್ಷಕ್ಕೆ ಸುಮಾರು 8,700 ರೂಪಾಯಿ ಕಡಿಮೆ. ದಿನಕ್ಕೆ ಹನ್ನೆರಡು ಗಂಟೆ ಕಾವಲಿಯ ಮುಂದೆ ನಿಲ್ಲುವವನಿಗೆ ಅದು ಸಣ್ಣ ಮೊತ್ತವಲ್ಲ. ಹುಡುಗ ಬ್ಯಾಂಕಿಗೆ ಹೋದ.

"ಇದಕ್ಕೆ ಈಗ ಮೊಬೈಲಿನಲ್ಲಿ ಆ್ಯಪ್ ಇದೆಯಲ್ಲ ಸಾರ್" ಎನ್ನುವಿರಿ. ಇದೆ. 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮವೂ ಇದೆ, ಬ್ಯಾಂಕು ಮತ್ತು ಫೈನಾನ್ಸ್ ಕಂಪೆನಿಗಳು ಚಿಲ್ಲರೆ ಸಾಲ ಕೊಡುವಾಗ ವಾರ್ಷಿಕ ನಿಜದರವನ್ನು ಒಂದು ಹಾಳೆಯಲ್ಲಿ ಬರೆದುಕೊಡಬೇಕು. ಬಹಳ ಒಳ್ಳೆಯದು. ಆದರೆ ಕೈಸಾಲ ಕೊಡುವ ಸೇಠನಿಗೆ ಆ ಹಾಳೆ ಇಲ್ಲ. ಮತ್ತು ಆ್ಯಪ್ ಉತ್ತರ ಕೊಡುತ್ತದೆ, ದಾರಿ ತೋರಿಸುವುದಿಲ್ಲ. ಸಾಮಾನ್ಯ ಕ್ಯಾಲ್ಕುಲೇಟರಿನ ಕಥೆ ಇನ್ನೂ ಮಜ. 2 + 3 × 4 ಎಂದು ಒತ್ತಿ ನೋಡಿ. ಅಂಗಡಿಯ ಸಿಟಿಜನ್ 20 ಅನ್ನುತ್ತದೆ, ಫೋನು 14 ಅನ್ನುತ್ತದೆ. ಎರಡೂ ತಮ್ಮ ತಮ್ಮ ನಿಯಮದ ಪ್ರಕಾರ ಸರಿಯೇ, ನಿಮಗೆ ಬೇಕಾದದ್ದು ಯಾವುದು ಎಂದು ಮಾತ್ರ ಎರಡೂ ಕೇಳುವುದಿಲ್ಲ. ನನ್ನದರಲ್ಲಿ ಆ ಗೊಂದಲಕ್ಕೆ ಆಸ್ಪದವೇ ಇಲ್ಲ, ಯಾವುದನ್ನು ಮೊದಲು ಮಾಡಬೇಕೆಂದು ನಾನೇ ಹೇಳಿರುತ್ತೇನೆ.

ಹಾಗಂತ ಎಲ್ಲರೂ ಸಿಟಿಜನ್ ಎಸೆಯಿರಿ ಎನ್ನುವ ಹುಚ್ಚು ನನಗಿಲ್ಲ. ಗಲ್ಲಾದಲ್ಲಿ ಕೂತು ಇಪ್ಪತ್ತು ಬಿಲ್ಲು ಕೂಡಿಸುವವರಿಗೆ ಅದರ ಜಿಟಿ ಗುಂಡಿಯೇ ದೇವರು. ಅವರ ಬೆರಳಿನ ವೇಗದ ಮುಂದೆ ನನ್ನ ಎಂಟರ್ ಕುಂಟುತ್ತದೆ. ಲೆಕ್ಕದೊಳಗೆ ಲೆಕ್ಕ ಇರುವ ಕಡೆ ಮಾತ್ರ, ಬಡ್ಡಿ, ಕಂತು, ಫ್ಲ್ಯಾಟಿನ ಕಾರ್ಪೆಟ್ ಏರಿಯಾ, ಮಗನ ಫಿಸಿಕ್ಸ್, ಇಲ್ಲೆಲ್ಲ ಇದರ ಸಮ ಇಲ್ಲ. ತೆರೆಮರೆಯಲ್ಲಿ ಈ ಪದ್ಧತಿ ಎಂದೂ ಸತ್ತಿಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. ನೀವು ಓದುವ ಪಿಡಿಎಫ್ ಪತ್ರಿಕೆಯ ಪುಟದ ಒಳಗೂ ಮೊದಲು ಅಂಕೆಗಳು, ಆಮೇಲೆ 'ಗೆರೆ ಎಳೆ' ಎಂಬ ಆಜ್ಞೆ.

12ಸಿ ಈಗಲೂ ಸಿಗುತ್ತದೆ, ಬೆಲೆ ಮಾತ್ರ ಒಂದು ಪ್ಲಾಸ್ಟಿಕ್ ಡಬ್ಬಿಗೆ ಇಷ್ಟೇ ಎಂದು ಹೆಂಡತಿ ಕೇಳುವ ಮಟ್ಟದಲ್ಲಿದೆ. 2023ರಲ್ಲಿ ಅದರ ತಮ್ಮ 15ಸಿಯನ್ನು ಮತ್ತೆ ಹೊರತಂದಾಗ ಜಗತ್ತಿನ ಹುಚ್ಚರೆಲ್ಲ ಮುಗಿಬಿದ್ದರು (ನಾನು ಸಂಯಮ ಪಾಲಿಸಿದೆ). ದುಡ್ಡು ಹಾಕಬೇಕೆಂದಿಲ್ಲ. ಫ್ರೀ42 ಎಂಬ ಆ್ಯಪ್ ಫೋನಿಗೆ ಪುಕ್ಕಟೆ ಸಿಗುತ್ತದೆ. ಹಾಕಿಕೊಂಡು ಲೋಕಲ್‌ನಲ್ಲಿ ಸೀಟು ಸಿಕ್ಕ ದಿನ ನಿಮ್ಮದೇ ಸಾಲದ ಮೊತ್ತ ಹಿಡಿದು ಕೂತುಕೊಳ್ಳಿ. ಠಾಣೆ ದಾಟುವ ತನಕ ಬೆರಳು '=' ಹುಡುಕುತ್ತದೆ, ನನ್ನನ್ನು ಬೈಯುತ್ತೀರಿ. ಮುಲುಂಡ್ ಬರುವ ಹೊತ್ತಿಗೆ ಬಾಯಲ್ಲಿ ಲೆಕ್ಕವನ್ನು ಕನ್ನಡದಲ್ಲಿ ಹೇಳುತ್ತ ಒತ್ತಿ ನೋಡಿ.