ಲಾಗ್ ಬುಕ್ಕಿಗೆ ಬಹುಮಾನ, ಗಿಡಗಳಿಗೆ ತಿಥಿ

ಮೊನ್ನೆ ಊರಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ನನ್ನ ಹಳೇ ರೋವರ್ ಸ್ಕಾರ್ಫ್ ಸಿಕ್ಕಿತು. ಜೊತೆಗೆ ಲ್ಯಾಮಿನೇಷನ್ ಮಾಡಿಸಿದ ಒಂದು ಪ್ರಮಾಣಪತ್ರ, 'ಅತ್ಯುತ್ತಮ ರೋವರ್ ಘಟಕ' ಅಂತ. ಅಮ್ಮ ಸೆರಗಿನಲ್ಲಿ ಒರೆಸಿ, "ಗೋಡೆಗೆ ಹಾಕೋಣ್ವಾ?" ಅಂದ್ರು. ಬೇಡಮ್ಮಾ ಅಂದೆ. ಯಾಕೆ ಬೇಡ ಅಂದೆ ಅನ್ನೋದೇ ಈ ಬರಹ.

ಸ್ಕೌಟ್ ಅಂದ ತಕ್ಷಣ ನೆನಪಾಗೋದು ಹೈಸ್ಕೂಲ್ ಹುಡುಗರು, ಸೀಟಿ, ಹಗ್ಗದ ಗಂಟು. ಆದರೆ ಕಾಲೇಜು ವಯಸ್ಸಿನವರಿಗೂ ಒಂದು ವಿಭಾಗ ಇದೆ. ಹುಡುಗರು ರೋವರ್, ಹುಡುಗಿಯರು ರೇಂಜರ್. 25ರ ವಯಸ್ಸಿನವರೆಗೂ ಇರಬಹುದು. ಬೇಡನ್ ಪೊವೆಲ್ 1922ರಲ್ಲಿ 'ರೋವರಿಂಗ್ ಟು ಸಕ್ಸೆಸ್' ಬರೆದದ್ದೇ ಈ ವಯಸ್ಸಿನವರಿಗಾಗಿ. ರೋವರ್‌ಗಳ ಧ್ಯೇಯವಾಕ್ಯ ಒಂದೇ ಪದ: ಸೇವೆ.

ಈಗ ನಮ್ಮ ಸೇವೆಯ ಕಥೆ ಕೇಳಿ. ನಾನಾಗ ಇಂಜಿನಿಯರಿಂಗ್ ಮೂರನೇ ವರ್ಷ. ಕೆರೆ ಏರಿ ಪಕ್ಕ 200 ಗಿಡ ನೆಟ್ಟೆವು. ಬ್ಯಾನರ್ ಹಿಡಿದು ಫೋಟೋ, ಆಮೇಲೆ ಬಿಸಿಬೇಳೆ ಬಾತ್, ಮನೆ. ಮತ್ತೆ ಒಬ್ಬರೂ ಒಂದು ಕೊಡ ನೀರು ಹೊತ್ತು ಆ ಕಡೆ ಹೋಗಲಿಲ್ಲ. ಆಡು ಮೇಯ್ದಿದ್ದು ಅಷ್ಟು, ಬಿಸಿಲಿಗೆ ಒಣಗಿದ್ದು ಅಷ್ಟು. ಮೌಲ್ಯಮಾಪನಕ್ಕೆ ಬಂದವರೂ ಕೆರೆಗೆ ಹೋಗಲಿಲ್ಲ. ಸ್ಪೈರಲ್ ಬೈಂಡಿಂಗ್ ಮಾಡಿಸಿದ ನಮ್ಮ ಲಾಗ್ ಬುಕ್ ತಿರುವಿ ಹಾಕಿದರು, ಸೇವೆಯ ಗಂಟೆಗಳ ಮೊತ್ತ ನೋಡಿದರು, ತಲೆದೂಗಿದರು. ಮೊದಲ ಬಹುಮಾನ!

ನಮ್ಮಲ್ಲೇ ಒಬ್ಬ ಜೂನಿಯರ್ ಇದ್ದ. ಪ್ರತಿ ಭಾನುವಾರ ಕಟ್ಟಡ ಕಾರ್ಮಿಕರ ಶೆಡ್ಡುಗಳಿಗೆ ಹೋಗಿ ಮಕ್ಕಳಿಗೆ ಮಗ್ಗಿ, ಲೆಕ್ಕ ಹೇಳಿಕೊಡ್ತಿದ್ದ. ಅದನ್ನೂ ಲಾಗ್ ಬುಕ್ಕಿಗೆ ಸೇರಿಸಿ ಅಂತ ಬಂದ. "ಫೋಟೋ ಇದೆಯಾ? ಇಲ್ದಿದ್ರೆ ಮಾರ್ಕ್ಸ್ ಇಲ್ಲ, ಬಿಡು" ಅಂತ ಹೇಳಿದವನು ನಾನೇ. ಮುಂದಿನ ವರ್ಷ ಅವನು ಘಟಕಕ್ಕೆ ಬರಲಿಲ್ಲ. ನಾನಾಗಿದ್ರೂ ಬರ್ತಿರಲಿಲ್ಲ.

ಈಗ ನನ್ನ ಕೆಲಸದಲ್ಲೂ ಇದೇ ರೋಗ ಕಾಣುತ್ತೆ. ಎಷ್ಟು ಸಾಲು ಕೋಡ್ ಬರೆದೆ ಅಂತ ಎಣಿಸಿದರೆ, ಹತ್ತು ಸಾಲಲ್ಲಿ ಮುಗಿಯೋದನ್ನ ನೂರು ಸಾಲು ಎಳೀತೀವಿ. ಯಾವುದನ್ನ ಅಳೀತೀರೋ ಅದು ಬೆಳೆಯುತ್ತೆ. ಗಂಟೆ ಅಳೆದರೆ ಗಂಟೆ, ಫೋಟೋ ಅಳೆದರೆ ಫೋಟೋ.

ಪ್ರವೀಣ್, ನಿಪುಣ್, ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ ಅಂತ ಒಬ್ಬೊಬ್ಬರೂ ಹತ್ತಬೇಕಾದ ಮೆಟ್ಟಿಲುಗಳಿವೆ. ರೈಲ್ವೆಯಲ್ಲಿ ಸ್ಕೌಟ್ ಕೋಟಾ ಇದೆ. ಬಡ ಹುಡುಗ ನೌಕರಿಯ ಆಸೆಗೆ ಪ್ರಮಾಣಪತ್ರದ ಹಿಂದೆ ಬಿದ್ದರೆ ನನ್ನ ತಕರಾರಿಲ್ಲ. ಆದರೆ ಎಲ್ಲರ ಪ್ರಮಾಣಪತ್ರ ಕೂಡಿಸಿದರೆ ಅದು ಘಟಕದ ಯೋಗ್ಯತೆ ಆಗಲ್ಲ. ಬ್ಯಾಡ್ಜ್ ಕೊಡುವಾಗ ಹುಡುಗ ಮುಟ್ಟಿದ ಮಟ್ಟಕ್ಕಿಂತ ಅವನು ಪಟ್ಟ ಶ್ರಮ ನೋಡಿ ಅಂತ ಬೇಡನ್ ಪೊವೆಲ್ಲೇ ಹೇಳಿದ್ದ. ನಾವು ನೋಡ್ತಿರೋದು ಬೈಂಡಿಂಗ್.

"ದಾಖಲೆ ಇಲ್ಲದೆ ಹೇಗಪ್ಪಾ ಆರಿಸೋದು, ಎಲ್ಲಾ ಊರಿಗೂ ಹೋಗಿ ನೋಡಕ್ಕಾಗುತ್ತಾ?" ಅಂತೀರಿ. ನ್ಯಾಯವಾದ ಪ್ರಶ್ನೆ. ದಾಖಲೆ ಇರಲಿ, ಕೇಳೋ ಪ್ರಶ್ನೆ ಬದಲಾಗಲಿ. ಗಿಡ ನೆಟ್ಟಿದ್ದೆಷ್ಟು ಅಂತ ಬೇಡ, ವರ್ಷದ ಮೇಲೆ ಉಳಿದಿದ್ದೆಷ್ಟು ಅಂತ ಕೇಳಿ. ಸೇವೆ ಮಾಡಿಸಿಕೊಂಡವರಲ್ಲಿ ಇಬ್ಬರಿಗೆ ಫೋನ್ ಮಾಡಿ. ಮುಂದಾಳು ಓದು ಮುಗಿಸಿ ಹೋದ ಮೇಲೂ ಘಟಕ ನಡೀತಿದೆಯಾ ನೋಡಿ. ಈ ವರ್ಷ ಸೋತಿದ್ದೇನು ಅಂತ ಒಂದು ಪುಟ ಕಡ್ಡಾಯವಾಗಿ ಬರೆಸಿ, ಸೋಲು ಒಪ್ಪಿಕೊಂಡವರಿಗೂ ಅಂಕ ಕೊಡಿ. ಇದಕ್ಕೆಲ್ಲ ಊರೂರು ಸುತ್ತಬೇಕಿಲ್ಲ.

ಭಾರತದಲ್ಲಿ ಸ್ಕೌಟಿಂಗ್ ಮೊದಲು ಕಾಲಿಟ್ಟಿದ್ದು ನಮ್ಮ ಬೆಂಗಳೂರಿಗೇ, 1909ರಲ್ಲಿ. ಹೆಮ್ಮೆ ಪಡೋಣ, ಆದರೆ ಮೈಮರೆಯೋದು ಬೇಡ. ರೋವರ್ ಹುಟ್ಟಿದ ಬ್ರಿಟನ್ನಿನಲ್ಲೇ 1966ರ ವರದಿಯೊಂದರ ನಂತರ ಆ ವಿಭಾಗವನ್ನೇ ಕೈಬಿಟ್ಟರು. ಯಾವುದೂ ಶಾಶ್ವತ ಅಲ್ಲ.

ಪ್ರಮಾಣಪತ್ರ ವಾಪಸ್ ಟ್ರಂಕಿಗೆ ಹೋಯ್ತು. ಸ್ಕಾರ್ಫ್ ಮಾತ್ರ ಬ್ಯಾಗಿಗೆ ಹಾಕ್ಕೊಂಡು ಬಂದೆ. ಆ ಜೂನಿಯರ್‌ನ ನಂಬರ್ ಹುಡುಕ್ತಾ ಇದೀನಿ. ಸಿಕ್ಕಿದರೆ ಮೊದಲು ಕ್ಷಮೆ ಕೇಳಬೇಕು.

ನಿಮ್ಮಲ್ಲಿ ಯಾರಾದ್ರೂ ರೋವರ್, ರೇಂಜರ್ ಆಗಿದ್ದವರು ಇದೀರಾ? ನಾನು ಹೇಳಿದ್ದು ತಪ್ಪು ಅನಿಸಿದ್ರೆ ಬೈದು ಬರೀರಿ. ನೀವು ನೆಟ್ಟ ಗಿಡ ಇನ್ನೂ ಬದುಕಿದ್ರೆ ಅದನ್ನೂ ಬರೀರಿ, ಖುಷಿ ಪಡ್ತೀನಿ.